ಬಣ್ಣ ಬಿಟ್ಟ ಮರ

"ನೀರು ಕೆಂಪಗಿದ್ರೆ ಪೊಲೀಸ್ನೋರಿಗೇನ್ರೀ ಕಷ್ಟ? ಸತ್ತಿರೋದು ನಮ್ಮಪ್ಪ, ಮೀನಲ್ಲ."

ಓಂಕಾರೇಶ್ ಸೋಫಾದಿಂದ ಏಳದೆಯೇ ಹೇಳಿದ. ಕಾಲ ಮೇಲೆ ಕಾಲು, ಹಣೆ ತುಂಬ ವಿಭೂತಿ, ಕೈಯಲ್ಲಿ ಎರಡು ಮೊಬೈಲು. ತಂದೆ ತೀರಿಕೊಂಡ ದುಃಖ ಅವನ ಮೈಯಲ್ಲಿ ಎಲ್ಲಿದೆ ಅಂತ ಸಬ್‌ಇನ್ಸ್‌ಪೆಕ್ಟರ್ ವನಜಾಕ್ಷಿ ಒಮ್ಮೆ ಹುಡುಕಿ ನೋಡಿದಳು. ಸಿಗಲಿಲ್ಲ. ಮತ್ತೆ ಗಾಜಿನ ತೊಟ್ಟಿಯ ಕಡೆ ತಿರುಗಿದಳು.

ಗೋಡೆಯ ಅರ್ಧದಷ್ಟು ಉದ್ದದ ಅಕ್ವೇರಿಯಂ. ಒಳಗಿನ ನೀರು ಹಾಲು ಹಾಕದ ಟೀ ಬಣ್ಣಕ್ಕಿತ್ತು. ಆ ಟೀಯೊಳಗೆ ಮೊಳದುದ್ದದ ಅರೋವಾನಾ ಮೀನೊಂದು ಮೂತಿ ಮೇಲೆತ್ತಿಕೊಂಡು, ಈ ಮನೆಯವರ ಹಾಗೇ ಯಾರನ್ನೂ ಲೆಕ್ಕಕ್ಕಿಡದೆ ತಿರುಗುತ್ತಿತ್ತು. ತಳದ ಮರಳಿನ ಮೇಲೆ ಒಂದು ಮರದ ಬೊಡ್ಡೆ.

ಹೋದ ಶುಕ್ರವಾರ ಇದೇ ಹಜಾರದ ಮೆಟ್ಟಿಲ ಬುಡದಲ್ಲಿ ಅಜ್ಜಂಪುರದ ಈರುಳ್ಳಿ ಮಂಡಿ ಯಜಮಾನ ತೀರ್ಥಪ್ಪನವರ ಹೆಣ ಸಿಕ್ಕಿತ್ತು. ಜಾರಿ ಬಿದ್ದರು ಅಂತ ಮಗ ಬರೆಸಿದ್ದ. ತರೀಕೆರೆಯಲ್ಲಿ ಹೆಣ ಕೊಯ್ದ ಡಾಕ್ಟರು ಮಾತ್ರ ಇವತ್ತು ಬೆಳಿಗ್ಗೆ ಫೋನ್ ಮಾಡಿ ಬೇರೆಯೇ ಹೇಳಿದ್ದರು. "ಹಿಂದಲೆ ಗಾಯದೊಳಗೆ ಮರದ ನಾರು ಸಿಕ್ಕಿದೆ ಮೇಡಂ. ಕಪ್ಪಗಿದೆ, ಮೆತ್ತಗಿದೆ, ಬಹಳ ಕಾಲ ನೀರಲ್ಲಿ ನೆಂದದ್ದು. ಬಿದ್ದದ್ದಲ್ಲ, ಹೊಡೆದದ್ದು."

ಮೆಟ್ಟಿಲು ಗ್ರಾನೈಟಿನದು. ಕಂಬಿ ಸ್ಟೀಲಿನದು. ಈ ಮನೆಯಲ್ಲಿ ನೀರಿನೊಳಗಿರುವ ಮರ ಎಂದರೆ ತೊಟ್ಟಿಯದೊಂದೇ. ಆದರೆ ಆ ಬೊಡ್ಡೆ ಕಪ್ಪಗಿರಲಿಲ್ಲ. ಇಟ್ಟಿಗೆ ಬಣ್ಣಕ್ಕಿತ್ತು, ಅಲ್ಲಲ್ಲಿ ತೊಗಟೆ ಇನ್ನೂ ಗಟ್ಟಿಯಾಗಿ ಕೂತಿತ್ತು. ಅದನ್ನು ಈಗಲೇ ಎತ್ತಿಸಬಹುದಿತ್ತು. ಎತ್ತಿಸಿದರೆ ಓಂಕಾರೇಶ ತಕ್ಷಣ ಒಂದು ಸುಳ್ಳು ಹೊಸೆಯುತ್ತಾನೆ. ಏನೂ ತಿಳಿಯದವಳ ಹಾಗೆ ನಿಂತರೆ ತಾನಾಗಿಯೇ ಮಾತಾಡುತ್ತಾನೆ. ಇಂಥವರಿಗೆ ಪಾಠ ಹೇಳುವ ಚಟ ಇರುತ್ತದೆ ಅಂತ ವನಜಾಕ್ಷಿಗೆ ಚೆನ್ನಾಗಿ ಗೊತ್ತಿತ್ತು.

"ನೀರು ಯಾಕ್ ಹಿಂಗಿದೆ?" ಅಂದಳು.

"ಮರ ಇದ್ರೆ ನೀರು ಬಣ್ಣ ಬಿಡ್ತದೆ ಕಣ್ರೀ. ಫಾರಿನ್ನಲ್ಲೆಲ್ಲ ಹಿಂಗೇ ಇಡೋದು. ನಿಮಗೆಲ್ಲ ಇದು ಗೊತ್ತಾಗಲ್ಲ ಬಿಡಿ."

"ಮರ ಯಾವಾಗಿಂದ ಇದೆ?"

"ತೊಟ್ಟಿ ತಂದಾಗಿಂದ. ಎರಡು ವರ್ಷ ಆಯ್ತು. ಅದೇ ಮರ, ಅದೇ ನೀರಿನ ಬಣ್ಣ. ಬರ್ಕೊಳ್ಳಿ, ಇದೂ ಒಂದು ದೊಡ್ಡ ಸಾಕ್ಷಿ."

ವನಜಾಕ್ಷಿ ಬರೆದುಕೊಳ್ಳಲಿಲ್ಲ. ಮೊಬೈಲ್ ತೆಗೆದು ತೊಟ್ಟಿಯ ಫೋಟೋ ಹೊಡೆದುಕೊಂಡಳು. ಅಷ್ಟರಲ್ಲಿ ಸೊಸೆ ಯಶೋದಾ ಒಳಗಿಂದ ಕಾಫಿ ತಂದಳು. ಗಂಡನಿಗೆ ಬೆಳ್ಳಿ ಲೋಟ. ವನಜಾಕ್ಷಿಗೂ ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಚಂದ್ರಕುಮಾರನಿಗೂ ಕಾಗದದ ಲೋಟ.

ಓಂಕಾರೇಶ್ ಅವಳನ್ನು ಬಿಟ್ಟು ಚಂದ್ರಕುಮಾರನನ್ನು ಕೇಳಿದ. "ಮೇಡಂ ಯಾವ ಕಡೆಯೋರಪ್ಪ?"

ಚಂದ್ರಕುಮಾರ ಕೆಮ್ಮಿದ. ವನಜಾಕ್ಷಿಯೇ ಹೇಳಿದಳು. "ಪಂಚನಹಳ್ಳಿ. ಪುಟ್ಟಯ್ಯನ ಮಗಳು. ಮನೇಲಿ ಬುದ್ಧನ ಫೋಟೋ ಇದೆ. ಇಷ್ಟಕ್ಕೆ ಗೊತ್ತಾಯ್ತಾ, ಇನ್ನೂ ಬಿಡಿಸಿ ಹೇಳ್ಬೇಕಾ?"

"ಛೆ ಛೆ, ನಾವು ಅದೆಲ್ಲ ನೋಡೋರಲ್ಲಪ್ಪ."

"ಕಾಣ್ತಾ ಇದೆ." ಅವಳು ಕಾಗದದ ಲೋಟವನ್ನು ಮುಟ್ಟದೆ ಟೀಪಾಯಿಯ ಮೇಲೆ ಸರಿಸಿದಳು.

ಓಂಕಾರೇಶನ ಮುಖ ಗಂಟಾಯಿತು. "ನೋಡಿ, ನಾಡಿದ್ದು ಶಿವಗಣಾರಾಧನೆ. ಮಠದಿಂದ ಸ್ವಾಮೀಜಿ ಬರ್ತಾರೆ. ಅಷ್ಟರೊಳಗೆ ಮುಗಿಸ್ಕೊಳ್ಳಿ. ಹೊಡೆದಿದಾರೆ ಅಂತ ನೀವು ಹೇಳೋದಾದ್ರೆ ಹೊಡೆದೋಳು ನಿಮ್ಮ ಸ್ಟೇಷನ್ನಲ್ಲೇ ಕೂತಿದಾಳೆ. ಕೆಲಸದ ಭಾಗಮ್ಮ. ಅವತ್ತು ತೊಟ್ಟಿ ತೊಳೆಯೋಕೆ ಬಂದಿದ್ಲು. ಅಪ್ಪಾಜಿ ಏನೋ ಗದರಿದಾರೆ, ಸಿಟ್ಟಿಗೆ ಬಾರಿಸಿದಾಳೆ. ಸರಿಯಾಗಿ ನಾಲ್ಕು ಬಿಟ್ಟು ಕೇಳಿ, ಬಾಯಿ ಬಿಡ್ತಾಳೆ. ಅಂಥೋರು ಮಾತಿಗೆ ಬಗ್ಗಲ್ಲ."

"ಯಾವುದ್ರಲ್ಲಿ ಬಾರಿಸಿದಾಳೆ?"

"ನನಗೇನ್ರೀ ಗೊತ್ತು? ಅವಳನ್ನೇ ಕೇಳಿ."

ವನಜಾಕ್ಷಿ ಹೊರಟಳು. ಹೊಸಿಲು ದಾಟುವಾಗ ಹಿಂದಿನಿಂದ ಅವನು ಹೆಂಡತಿಗೆ ಹೇಳಿದ್ದು ಕಿವಿಗೆ ಬಿತ್ತು. "ಆ ಲೋಟ ಬಿಸಾಕು." ಕಾಗದದ ಲೋಟವನ್ನು ಬಿಸಾಡದೆ ಇನ್ನೇನು ಮಾಡುತ್ತಾರೆ? ಆದರೂ ಅವಳಿಗೆ ಕೇಳಿಸಲಿ ಅಂತಲೇ ಹೇಳಿದ್ದು. ವನಜಾಕ್ಷಿಗೆ ಸಿಟ್ಟು ಬರಲಿಲ್ಲ. ಇಷ್ಟೇನಾ ಇವನ ಬಂಡವಾಳ, ಅನ್ನಿಸಿತು.

ಠಾಣೆಯ ಬೆಂಚಿನ ಮೇಲೆ ಭಾಗಮ್ಮ ಬೆಳಿಗ್ಗೆಯಿಂದ ಕೂತಿದ್ದಳು. ಸೆರಗನ್ನು ಮೈ ತುಂಬ ಹೊದ್ದಿದ್ದಳು, ಕಣ್ಣು ಮಾತ್ರ ಬಗ್ಗಿಸಿರಲಿಲ್ಲ. ಅವಳ ಗಂಡ ಗೇಟಿನ ಹೊರಗೆ ಒಂಟಿ ಕಾಲಿನ ಕೊಕ್ಕರೆಯ ಹಾಗೆ ನಿಂತಿದ್ದ. ಹೊಡೆದದ್ದು ಅಂತ ಬೆಳಿಗ್ಗೆ ಗೊತ್ತಾದ ಕೂಡಲೇ ಮಂಡಿಯವರು ಬಾಯಿ ಬಿಟ್ಟು ಅವಳ ಹೆಸರು ಹೇಳಿದ ಮೇಲೆ ಊರು ಅಷ್ಟಕ್ಕೇ ತೀರ್ಪು ಕೊಟ್ಟಾಗಿತ್ತು. ಅವಳು ಕಸ ಗುಡಿಸುತ್ತಿದ್ದ ಉಳಿದ ಎರಡು ಮನೆಯವರೂ ನಾಳೆಯಿಂದ ಬರಬೇಡ ಅಂದಿದ್ದರು.

ವನಜಾಕ್ಷಿ ಅವಳ ಪಕ್ಕದಲ್ಲೇ ಕೂತಳು. "ಭಾಗಕ್ಕ, ಶುಕ್ರವಾರ ತೊಟ್ಟಿ ನೀನು ತೊಳೆದಿದ್ದಾ?"

"ಅರ್ಧ ತೊಳೆದಿದ್ದೆ ಮೇಡಮ್ಮೋರೇ. ಮೀನನ್ನ ಟಬ್ಬಿಗೆ ಬಿಟ್ಟೆ. ಅರ್ಧ ನೀರು ತೆಗೆದೆ. ಆ ಮರ ಎತ್ತಿ ಬೋಗುಣೀಲಿಟ್ಟು ಉಜ್ಜಿದೆ. ಗಾಜು ಒರೆಸೋ ಹೊತ್ತಿಗೆ ಯಜಮಾನ್ರು ಮೇಲಿಂದ ಇಳಿದು ಬಂದು, ಸಾಕು ಬಿಡು, ಮನೆಗೆ ನಡಿ ಅಂದ್ರು."

"ಹಂಗೆ ಅರ್ಧಕ್ಕೆ ಕಳಿಸೋದುಂಟಾ ಅವರು?"

ಭಾಗಮ್ಮ ಮೂಗಿನಲ್ಲಿ ನಕ್ಕಳು. "ಆವಯ್ಯನಾ? ನೀರು ಹೋಗೋವರ್ಗೂ ಹಿಂಡಿ ಕಳಿಸೋ ಆಸಾಮಿ. ನಾನೂ ಏನು ಇವತ್ತು ಸೂರ್ಯ ಎತ್ತಾಗಿಂದ ಹುಟ್ಟಿದ ಅಂದ್ಕೊಂಡೇ ಹೋದೆ."

"ಆಗ ಮನೇಲಿ ಯಾರ್ಯಾರಿದ್ರು?"

"ಸೊಸೆಮ್ಮ ಮಾಳಿಗೇಲಿ. ದೊಡ್ಡಮ್ಮೋರು ಹಿತ್ತಲ ಕಡೆ ಕೋಣೇಲಿ. ಮಗ ಮಂಡಿಗೋಗಿದ್ದ."

ವನಜಾಕ್ಷಿ ಮೊಬೈಲಿನ ಫೋಟೋ ತೋರಿಸಿದಳು. ಭಾಗಮ್ಮ ಅದನ್ನು ಕಣ್ಣ ಹತ್ತಿರ ತಂದುಕೊಂಡು ನೋಡಿದಳು. ಆಮೇಲೆ ಅವಳ ಮುಖದ ಮೇಲೆ ಬಂದದ್ದು ಹೆದರಿಕೆಯಲ್ಲ, ಅವಮಾನ.

"ಇದ್ಯಾರ ಮನೇದು? ನಾನು ಒರೆಸಿದ ತೊಟ್ಟೀಲಿ ನೀರು ಐತೋ ಇಲ್ವೋ ಅನ್ನಂಗಿರದು. ಇಂಥ ಬಗ್ಗಡ ನಾನು ಇಟ್ಟಿದ್ದೇ ಇಲ್ಲ. ಈ ಮರಾನೂ ಅದಲ್ಲ ಕಣವ್ವ. ಅದು ಕರ್ರಗೆ, ಕಲ್ಲಿನಂಗೆ ತೂಕ."

ಹೊರಗೆ ಬಂದ ಚಂದ್ರಕುಮಾರ ಮೆಲ್ಲಗೆ ಹೇಳಿದ. "ಮೇಡಂ, ಈಯಮ್ಮನ ಮಾತು ಕೋರ್ಟಲ್ಲಿ ನಿಲ್ಲಲ್ಲ. ತಪ್ಪಿಸ್ಕೊಳ್ಳೋಕೆ ಹೇಳ್ತಾಳೆ ಅಂತಾರೆ."

"ಅಂತಾರೆ. ಅದಕ್ಕೇ ಕಡೂರಿಗೆ ಹೋಗೋಣ. ಆ ತೊಟ್ಟಿ ಇಟ್ಟುಕೊಟ್ಟೋನು ಯಾರು ಅಂತ ಗಾಜಿನ ಮೂಲೇಲಿ ಚೀಟಿ ಅಂಟಿಸಿದೆ."

ಕಡೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಗಿರಿಯಪ್ಪನ ಅಕ್ವೇರಿಯಂ ಅಂಗಡಿ. ಅಂಗಡಿ ತುಂಬ ಗುಳುಗುಳು ಸದ್ದು, ಪಾಚಿಯ ವಾಸನೆ. ನಡುವೆ ಎತ್ತರದ ಸ್ಟೂಲಿನ ಮೇಲೆ ಗಿರಿಯಪ್ಪ, ದರ್ಬಾರು ನಡೆಸುವವನ ಹಾಗೆ ಕೂತಿದ್ದ. ಮೀನು ಸಾಕಲು ಯೋಗ್ಯತೆ ಇರುವ ಮನುಷ್ಯ ಈ ಸೀಮೆಯಲ್ಲಿ ತಾನೊಬ್ಬನೇ ಎಂದು ಅವನಿಗೆ ಯಾವ ಅನುಮಾನವೂ ಇರಲಿಲ್ಲ.

ಖಾಕಿ ನೋಡಿಯೂ ಅವನು ಏಳಲಿಲ್ಲ. ವನಜಾಕ್ಷಿಯ ಮೊಬೈಲಿನಲ್ಲಿದ್ದ ಕೆಂಪು ನೀರನ್ನು ದೂರದಿಂದ ನೋಡಿಯೇ ಕೈ ಬೀಸಿದ. "ನೀರು ಕೆಂಪಾಯ್ತು, ಮೀನು ಸಾಯ್ತದಾ ಅಂತ ತಾನೆ? ಸಾಯಲ್ಲ. ಮೀನಿಗೆ ಅದು ಒಳ್ಳೇದೇ. ಸಾಯೋದು ನೀವು ಅದನ್ನ ಸರಿ ಮಾಡೋಕೆ ಹೋದಾಗ. ಒಬ್ಬ ಮೇಷ್ಟ್ರು ಬಣ್ಣ ಹೋಗಲಿ ಅಂತ ಬ್ಲೀಚಿಂಗ್ ಪೌಡರ್ ಸುರಿದ. ನೀರು ತಿಳಿಯಾಯ್ತು. ಮೀನೆಲ್ಲ ಮೇಲೆ ತೇಲಿದ್ವು."

"ಬಣ್ಣ ಯಾಕ್ ಬಿಡ್ತದೆ?"

"ತರೀಕೆರೆ ಕಡೆ ಅಡಿಕೆ ಬೇಯಿಸಿದ್ರೆ ಚೊಗರು ಬಿಡಲ್ವಾ? ಹಂಗೇ. ಮರದೊಳಗೂ ಒಗರು ಇರ್ತದೆ. ಟ್ಯಾನಿನ್ ಅಂತಾರೆ. ತಣ್ಣೀರಲ್ಲಿಟ್ರೂ ನಿಧಾನಕ್ಕೆ ಬಿಡ್ತದೆ. ಹೊಸ ಮರ ಹಾಕಿದ ವಾರದೊಳಗೆ ತೊಟ್ಟಿ ಟೀ ಅಂಗಡಿ ಆಗ್ತದೆ."

"ಎರಡು ವರ್ಷದ ಹಳೇ ಮರ ಆದ್ರೆ?"

ಗಿರಿಯಪ್ಪ ಅವಳನ್ನು ಮರುಕದಿಂದ ನೋಡಿದ. "ಒಂದೇ ಟೀ ಪುಡೀನ ಎರಡು ವರ್ಷ ಕುದಿಸಿದ್ರೆ ಟೀ ಬತ್ತದಾ ಮೇಡಂ? ಅದೂ ನನ್ನ ಅಂಗಡಿ ಮರ. ನಾನು ಕುದಿಸಿ, ತಿಂಗಳುಗಟ್ಟಲೆ ನೆನೆಹಾಕಿ, ಚೊಗರೆಲ್ಲ ತೆಗೆದೇ ಕೊಡೋದು. ಅದು ಬಣ್ಣ ಬಿಡ್ತದೆ ಅಂತ ಯಾವನಾದ್ರೂ ಅಂದ್ರೆ ಅವನನ್ನ ಇಲ್ಲಿಗೆ ಕಳಿಸಿ."

"ಅಂದೋನು ಅಜ್ಜಂಪುರದ ಓಂಕಾರೇಶ್."

"ಅವನಾ!" ಗಿರಿಯಪ್ಪ ಬಾಯಲ್ಲಿದ್ದ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದ. "ವಾಸ್ತುಗೆ ಮೀನು ತಗೊಂಡೋನು. ಮನೇಲಿ ಮೊಟ್ಟೆ ಕೂಡ ಮುಟ್ಟಲ್ಲ, ಸಾಕಿರೋದು ಮಾಂಸ ತಿನ್ನೋ ಮೀನು. ಮೂತಿ ಉತ್ತರಕ್ಕೆ ಮಾಡ್ಕೊಂಡು ಈಜ್ಬೇಕಾ ಪೂರ್ವಕ್ಕಾ ಅಂತ ನನ್ನ ಕೇಳಿದ್ದ. ತೋರಿಸಿ ಫೋಟೋ."

ಈ ಸಲ ಮೊಬೈಲನ್ನು ಕೈಗೆ ತಗೊಂಡ. ಬೆರಳಲ್ಲಿ ಹಿಗ್ಗಿಸಿ ನೋಡಿದ. ಅವನ ಮುಖದಲ್ಲಿ ಮೊದಲ ಸಲ ನಿಜವಾದ ಕೋಪ ಕಾಣಿಸಿತು.

"ಇದು ನನ್ನ ಮರ ಅಲ್ಲ. ಇದು ಹುಣಸೆ ಬೇರು. ಯಾವುದೋ ಹೊಲದ ಬದೂಲಿ ಬಿದ್ದಿದ್ದನ್ನ ಹಂಗೇ ಎತ್ತಾಕಿದಾರೆ, ತೊಗಟೆ ಕೂಡ ಕೆತ್ತಿಲ್ಲ. ಅನಾಗರಿಕರು." ತನ್ನ ಮೊಬೈಲ್ ತೆಗೆದು ಹಳೆಯ ಫೋಟೋ ಹುಡುಕಿದ. ಅದೇ ಹಜಾರ, ಅದೇ ಮೀನು. ನೀರು ಗಾಳಿಯಷ್ಟು ತಿಳಿ. ತಳದಲ್ಲಿ ಕರಿ ಮರ, ಜಿಂಕೆ ಕೊಂಬಿನ ಹಾಗೆ ಕವಲೊಡೆದದ್ದು. "ಇದು ನಾನು ಕೊಟ್ಟಿದ್ದು. ಹೋದ ಯುಗಾದೀಲಿ ಫಿಲ್ಟರ್ ಬದಲಾಯಿಸೋಕೆ ಹೋದಾಗ ಹೊಡೆದ ಫೋಟೋ."

ಚಂದ್ರಕುಮಾರ ಇಣುಕಿ ನೋಡಿದ. ಉಸಿರು ಬಿಟ್ಟ.

"ಇನ್ನೊಂದು ಕೇಳಿ," ಅಂದ ಗಿರಿಯಪ್ಪ. ಈಗ ಅವನಿಗೇ ಹುರುಪು ಬಂದಿತ್ತು. "ಒಣ ಬೇರು ನೀರಲ್ಲಿ ಮುಳುಗಲ್ಲ, ತೇಲ್ತದೆ. ನೀರು ಕುಡಿದು ಕೂರೋಕೆ ವಾರಗಟ್ಟಲೆ ಬೇಕು. ಇಲ್ಲಿ ಮರಳ ಮೇಲೆ ಕೂತಿದೆ ಅಂದ್ರೆ ಅಡಿಗೆ ಕಲ್ಲು ಕಟ್ಟಿದಾರೆ. ಕೈ ಹಾಕಿ ನೋಡಿ. ಪೊಲೀಸ್ನೋರು ಕೈ ಹಾಕದ ಜಾಗ ಇದೆಯಾ?"

ಅವನು ಹೇಳಿದ್ದನ್ನೆಲ್ಲ ಚಂದ್ರಕುಮಾರ ಬರೆದು ಸಹಿ ಹಾಕಿಸಿಕೊಂಡ. ಸಹಿ ಹಾಕುವಾಗಲೂ ಗಿರಿಯಪ್ಪ, ಟ್ಯಾನಿನ್ ಅಂತ ಬರೆಯೋಕೂ ಬರಲ್ವಲ್ಲಪ್ಪ ನಿಂಗೆ, ಅಂತ ಅವನಿಂದ ಪೆನ್ನು ಕಿತ್ತುಕೊಂಡು ತಿದ್ದಿದ.

ಬೀರೂರು ದಾಟಿ ಜೀಪು ಅಜ್ಜಂಪುರ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ಇನ್ನೂ ಇಳಿದಿರಲಿಲ್ಲ. ಮಂಡಿ ಮನೆಯ ಮುಂದೆ ಶಾಮಿಯಾನ ಕಟ್ಟುತ್ತಿದ್ದರು. ವನಜಾಕ್ಷಿ ಬೀದಿಯಿಂದಲೇ ಇಬ್ಬರು ಪಂಚರನ್ನು ಕರೆದುಕೊಂಡು ಒಳಗೆ ಹೋದಳು. ಚಂದ್ರಕುಮಾರ ಮೊಬೈಲಿನಲ್ಲಿ ವಿಡಿಯೋ ಶುರು ಮಾಡಿದ.

"ಮತ್ತೆ ಬಂದ್ರಾ?" ಓಂಕಾರೇಶ್ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದ. "ಏನು, ಬಾಯಿ ಬಿಟ್ಲಾ?"

ವನಜಾಕ್ಷಿ ಶರ್ಟಿನ ತೋಳು ಮಡಿಚಿಕೊಂಡು ತೊಟ್ಟಿಯ ಮುಚ್ಚಳ ತೆಗೆದಳು.

"ಏಯ್ ಏಯ್! ಅದಕ್ಕೆ ಕೈ ಹಾಕ್ಬೇಡ್ರೀ! ಆ ಮೀನು ಸೂಕ್ಷ್ಮ. ಆ ಕೈ..." ಅವನು ಅಲ್ಲಿಗೇ ನಿಲ್ಲಿಸಿದ.

"ಆ ಕೈ?" ವನಜಾಕ್ಷಿ ತಿರುಗಿ ನೋಡಿದಳು. "ಮುಗಿಸಿ. ವಿಡಿಯೋ ಆಗ್ತಿದೆ."

ಅವನು ಮೊಬೈಲಿನ ಕಡೆ ನೋಡಿ ಹಿಂದೆ ಸರಿದ. ಅವಳ ಕೈ ಮೊಣಕೈವರೆಗೆ ಕೆಂಪು ನೀರಿನೊಳಗೆ ಇಳಿಯಿತು. ಮೀನು ಬೆಚ್ಚಿ ಮೂಲೆಗೆ ಸರಿಯಿತು. ಬೊಡ್ಡೆಯ ಅಡಿಯಲ್ಲಿ ಬೆರಳಿಗೆ ತಣ್ಣನೆಯ ಗ್ರಾನೈಟ್ ತುಂಡು ಸಿಕ್ಕಿತು, ಅದಕ್ಕೆ ಸುತ್ತಿದ ನೈಲಾನ್ ದಾರವೂ. ಈರುಳ್ಳಿ ಚೀಲ ಹೊಲಿಯುವ ದಾರ. ಕತ್ತರಿಸಿದಳು.

ಬೊಡ್ಡೆ ಒಮ್ಮೆಗೇ ಮೇಲಕ್ಕೆ ಚಿಮ್ಮಿತು. ತೊಟ್ಟಿಯಂಚಿಗೆ ಬಡಿದು, ಮಗುಚಿ, ಹೊಟ್ಟೆ ಮೇಲಾಗಿ ತೇಲಿತು. ಕೆಂಪು ನೀರು ಹಾರಿ ಬಿಳಿ ಸೋಫಾದ ಮೇಲೆಲ್ಲ ಚೆಲ್ಲಿತು. ಪಂಚರಲ್ಲೊಬ್ಬ "ಅಯ್ಯೋ ಶಿವನೇ" ಅಂದ.

"ಎರಡು ವರ್ಷ ನೀರಲ್ಲಿದ್ದ ಮರ," ವನಜಾಕ್ಷಿ ಕೈ ಕೊಡವಿದಳು. "ತೇಲ್ತಾ ಇದೆ ನೋಡಿ ಓಂಕಾರೇಶ್ ಅವರೇ. ಬೆಳಿಗ್ಗೆ ನೀವೇ ನನಗೆ ಪಾಠ ಮಾಡಿದ್ರಿ, ಮರ ಇದ್ರೆ ನೀರು ಬಣ್ಣ ಬಿಡ್ತದೆ ಅಂತ. ಅರ್ಧ ಪಾಠ ಮಾಡಿದ್ರಿ. ಬಣ್ಣ ಬಿಡೋದು ಹೊಸ ಮರ. ಹಳೇದು ಬಿಟ್ಟು ಮುಗಿಸಿರ್ತದೆ. ಈ ಹುಣಸೆ ಬೇರನ್ನ ನಿಮ್ಮಪ್ಪ ಸತ್ತ ಮೇಲೆ ಇಟ್ಟಿದೀರ. ಹಳೇ ಮರ ಎಲ್ಲಿ?"

ಅವನು ಎರಡು ಮೊಬೈಲುಗಳಲ್ಲಿ ಒಂದನ್ನು ಕೈಗೆತ್ತಿಕೊಂಡ. "ನಾನು ಒಂದು ಫೋನ್ ಮಾಡಿದ್ರೆ ನೀವು ಯಾವ ಮೂಲೆಗೆ ಹೋಗ್ತೀರ ಗೊತ್ತಾ?"

"ಮಾಡಿ. ಸ್ಪೀಕರಿಗೆ ಹಾಕಿ. ಹಳೇ ಮರ ಎಲ್ಲಿ ಅಂತ ಅವರೂ ಕೇಳ್ಲಿ."

ಅವನ ಹೆಬ್ಬೆರಳು ಮೊಬೈಲಿನ ಮೇಲೆ ಆಡಿತು. ಆಮೇಲೆ ನಿಂತಿತು. ಅಷ್ಟು ಹೊತ್ತು ಎದೆ ಸೆಟೆಸಿಕೊಂಡಿದ್ದ ಮನುಷ್ಯ ಒದ್ದೆ ಸೋಫಾದ ಮೇಲೆ ದೊಪ್ಪನೆ ಕೂತ. ಗೋಡೆಯ ಮೇಲಿನ ಫೋಟೋದಿಂದ ತೀರ್ಥಪ್ಪನವರು ಹಾರ ಹಾಕಿಕೊಂಡು ಅವನನ್ನೇ ನೋಡುತ್ತಿದ್ದರು. ಅವರ ನೋಟದಲ್ಲೂ ಮರ್ಯಾದೆ ಇರಲಿಲ್ಲ.

"ನಾನು ಹೊಡೆದಿಲ್ಲ."

"ಮತ್ತೆ?"

"ಮಂಡಿಯಿಂದ ಬಂದಾಗ ಅಪ್ಪಾಜಿ ಮೆಟ್ಟಿಲ ಹತ್ರ ಬಿದ್ದಿದ್ರು. ತಲೆ ಹಿಂದೆ ರಕ್ತ. ಬೋಗುಣಿ ಖಾಲಿ ಇತ್ತು, ಮರ ಇರ್ಲಿಲ್ಲ. ನೋಡಿದ ತಕ್ಷಣ ಗೊತ್ತಾಯ್ತು." ದನಿ ಇಳಿಯಿತು. "ಮನೇಲಿದ್ದಿದ್ದು ಇವಳೊಬ್ಬಳೇ."

ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದ ಯಶೋದಾಳ ಕಡೆ ಅವನು ಬೆರಳು ತೋರಿಸಿದ. ಅವಳು ಒಂದು ಕ್ಷಣ ಅರ್ಥವಾಗದವಳ ಹಾಗೆ ನಿಂತಳು. ಆಮೇಲೆ ನಕ್ಕಳು. ಅಷ್ಟು ಅಸಹ್ಯದ ನಗುವನ್ನು ವನಜಾಕ್ಷಿ ಬಹಳ ದಿನದಿಂದ ಕೇಳಿರಲಿಲ್ಲ.

"ನಾನಾ? ಲೋ ಪುಣ್ಯಾತ್ಮ, ನೀನು ಹಿತ್ತಲ ಬಾಗಿಲಿಂದ ಬಂದು ಹೊಡೆದು ಹೋದೆ ಅಂತ ನಾನು ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದೀನಿ! ನೀನು ಆ ಬೇರು ತಂದು ಕಟ್ಟೋದನ್ನ ಮೇಲಿಂದ ನೋಡಿದೀನಿ. ಕೊಂದೋನೇ ಮುಚ್ಚಿಡ್ತಿದಾನೆ ಅಂದ್ಕೊಂಡೆ. ನಿನ್ನಂಥ ಹೇಡಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ ಯೋಚನೆ ಮಾಡ್ಬೇಕಿತ್ತು ನಾನು."

"ಯಶೋದಾ, ಹೊರಗಿನೋರ ಮುಂದೆ..."

"ಒಳಗಿನೋರು ಹೊರಗಿನೋರು ಅಂತ ಇನ್ನೇನ್ ಉಳಿದಿದೆ?"

ಚಂದ್ರಕುಮಾರ ಮೊಬೈಲನ್ನು ಯಶೋದಾಳ ಕಡೆ ತಿರುಗಿಸಿದ. ವನಜಾಕ್ಷಿ ಇಬ್ಬರನ್ನೂ ನೋಡಿದಳು. ಸುಳ್ಳು ಹೇಳುವವರು ಇಷ್ಟು ಚೆನ್ನಾಗಿ ಜಗಳ ಆಡುವುದಿಲ್ಲ. ಇಬ್ಬರೂ ಹೇಳುತ್ತಿದ್ದದ್ದು ನಿಜವೇ. ಒಬ್ಬರನ್ನೊಬ್ಬರು ಕೊಲೆಗಾರರೆಂದು ನಂಬಿ, ಒಂದೇ ಮಂಚದ ಮೇಲೆ ಮಲಗಿ, ಒಂದೇ ಒಲೆಯ ಅನ್ನ ಉಂಡಿದ್ದರು.

"ಹೆಂಡ್ತೀನ ಉಳಿಸೋಕೆ ಮರ ಬದಲಾಯಿಸಿದ್ರಿ. ಸರಿ," ಅಂದಳು. "ಭಾಗಮ್ಮ ಏನು ಮಾಡಿದ್ಲು? ಅವಳ ಹೆಸರು ಯಾಕ್ ಹೇಳಿದ್ರಿ?"

ಓಂಕಾರೇಶ್ ತಲೆ ಎತ್ತಿದ. ಅವನ ಮುಖದಲ್ಲಿ ನಿಜಕ್ಕೂ ಆಶ್ಚರ್ಯವಿತ್ತು, ಇಂಥ ಸಣ್ಣ ವಿಷಯ ಯಾಕೆ ಕೇಳುತ್ತಾಳೆ ಅನ್ನುವ ಹಾಗೆ. "ಇನ್ನ್ಯಾರ ಹೆಸರು ಹೇಳ್ಲಿ? ಅವಳಿಗೇನ್ರೀ ಹೋಗ್ತದೆ? ಒಳಗಿದ್ರೆ ಹೊತ್ತೊತ್ತಿಗೆ ಊಟನಾದ್ರೂ ಸಿಗ್ತದೆ. ಅವಳ ಮನೆಯೋರನ್ನ ನಾನೇ ನೋಡ್ಕೊಳ್ತಿದ್ದೆ."

ಪಂಚರಲ್ಲೊಬ್ಬ ನೆಲ ನೋಡಿದ. ವನಜಾಕ್ಷಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆಮೇಲೆ ಕೈ ಹೊಲಸಾಗುತ್ತದೆ ಅನ್ನಿಸಿತು. ಕರವಸ್ತ್ರ ತೆಗೆದು ಒದ್ದೆ ಕೈಯನ್ನು ನಿಧಾನವಾಗಿ ಒರೆಸಿಕೊಂಡಳು.

"ಚಂದ್ರಕುಮಾರ್, ಸ್ಟೇಷನ್ನಿಗೆ ಫೋನ್ ಮಾಡು. ಭಾಗಕ್ಕನ್ನ ಜೀಪಲ್ಲೇ ಮನೆವರೆಗೆ ಬಿಟ್ಟು ಬರ್ಲಿ. ಊರೋರು ನೋಡೋ ಹಾಗೆ ಬಿಡ್ಲಿ." ಆಮೇಲೆ ಓಂಕಾರೇಶನಿಗೆ ಹೇಳಿದಳು. "ಮನೇಲಿದ್ದಿದ್ದು ಇವರೊಬ್ಬರೇ ಅಂದ್ರಿ. ನಿಮ್ಮ ತಾಯಿ ಇರ್ಲಿಲ್ವಾ?"

"ಅಮ್ಮನಾ?" ಅವನು ಭುಜ ಕುಣಿಸಿದ. "ಇದ್ರು. ಅಮ್ಮಂಗೇನ್ ಗೊತ್ತಾಗ್ತದೆ."

"ಅವರ ಲೆಕ್ಕ ಯಾರೂ ಇಡಲ್ಲ," ಅಂದಳು ಯಶೋದಾ. ಗಂಡ ಹೆಂಡತಿ ಒಪ್ಪಿದ್ದು ಇದೊಂದೇ ವಿಷಯಕ್ಕೆ. "ಮಾವ ಹೋದಾಗಿಂದ ಕೋಣೆ ಬಾಗಿಲು ಹಾಕ್ಕೊಂಡೇ ಇರ್ತಾರೆ. ಊಟದ ತಟ್ಟೇನೂ ಹೊಸಿಲ ಮೇಲೆ ಇಟ್ಟು ಹೋಗು ಅಂತಾರೆ. ನನ್ನನ್ನೂ ಒಳಗೆ ಬಿಟ್ಕೊಂಡಿಲ್ಲ."

"ಮುಗೀತೇನ್ರಪ್ಪ ನಿಮ್ಮ ಕಿತ್ತಾಟ?"

ಹಿತ್ತಲ ಕಡೆಯ ಓಣಿಯಲ್ಲಿ ಒಬ್ಬ ಮುದುಕಿ ನಿಂತಿದ್ದರು. ತೀರ್ಥಪ್ಪನವರ ಹೆಂಡತಿ ಶಂಕರಮ್ಮ. ಸಣ್ಣ ಆಳು, ಪೂರ್ತಿ ಬೆಳ್ಳಗಾದ ತಲೆ, ಗೋಡೆಗೆ ಆನಿಸಿದ ಒಂದು ಕೈ. ಮಗನನ್ನೂ ಸೊಸೆಯನ್ನೂ ಅವರು, ಮಳೆಗೆ ಕೊಳೆತ ಈರುಳ್ಳಿಯ ರಾಶಿಯನ್ನು ನೋಡುವ ಹಾಗೆ ನೋಡಿದರು.

"ಅಪ್ಪನ ಹೆಣ ಇನ್ನೂ ಬಿಸಿ ಇರೋವಾಗ ಹೊಲಕ್ಕೆ ಹೋಗಿ ಬೇರು ಎತ್ಕೊಂಡ್ ಬಂದೋನು ಇವನು. ಮೇಲೆ ನಿಂತು ನೋಡ್ಕೊಂಡು ತೆಪ್ಪಗಿದ್ದೋಳು ಅವಳು. ಒಬ್ಬರಿಗಾದ್ರೂ ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ಲ." ವನಜಾಕ್ಷಿಯ ಕಡೆ ತಿರುಗಿದರು. "ನೀನೊಬ್ಬಳು ಕೇಳಿದೆ. ಬಾರಮ್ಮ. ಒಬ್ಬಳೇ ಬಾ."

"ಅಮ್ಮ, ಏನ್ ಮಾಡ್ತಿದೀಯ?" ಓಂಕಾರೇಶ್ ಎದ್ದ.

"ಕೂತ್ಕೋ. ಇಷ್ಟು ದಿನ ಕೂತಿದ್ದೆಯಲ್ಲ."

ಅವನು ಕೂತ. ವನಜಾಕ್ಷಿ ಪಂಚರಿಗೂ ಚಂದ್ರಕುಮಾರನಿಗೂ ಓಣಿಯ ಬಾಯಲ್ಲೇ ನಿಲ್ಲಲು ಕಣ್ಸನ್ನೆ ಮಾಡಿ ಮುದುಕಿಯ ಹಿಂದೆ ನಡೆದಳು. ಓಣಿಯ ಕೊನೆಯಲ್ಲಿ ಮುಚ್ಚಿದ ಬಾಗಿಲು. ಅದರ ಪಕ್ಕದ ಗೂಡಿನಿಂದ ಶಂಕರಮ್ಮ ಹಳೇ ಸೀರೆಯಲ್ಲಿ ಸುತ್ತಿದ ಒಂದು ಗಂಟನ್ನು ಎರಡೂ ಕೈಯಿಂದ ಎತ್ತಿ ಕೊಟ್ಟರು. ತೂಕಕ್ಕೆ ವನಜಾಕ್ಷಿಯ ಮಣಿಕಟ್ಟು ಬಾಗಿತು.

ಬಿಚ್ಚಿದಳು. ಕರಿ ಮರ. ಜಿಂಕೆ ಕೊಂಬಿನ ಹಾಗೆ ಕವಲೊಡೆದದ್ದು. ಮೇಲ್ಮೈ ಉಗುರು ಇಳಿಯುವಷ್ಟು ಮೆತ್ತಗೆ. ಒಂದು ಕೊಂಬಿನ ತುದಿಯಲ್ಲಿ ಸ್ವಲ್ಪ ಮರ ಕಿತ್ತು ಬಂದಿತ್ತು. ಡಾಕ್ಟರು ಹೇಳಿದ ನಾರು ಅಲ್ಲಿಯದೇ. ತಾನು ಹುಡುಕಿದ್ದು ಕೈಗೆ ಸಿಕ್ಕಿತು ಅನ್ನುವ ಸಮಾಧಾನ ಅವಳಿಗೆ ಒಂದೇ ಕ್ಷಣ ಇತ್ತು.

ಎರಡು ಕವಲು ಕೂಡುವ ಸಂದಿಯಲ್ಲಿ ಒಣಗಿದ ರಕ್ತಕ್ಕೆ ಅಂಟಿಕೊಂಡು ಕೂದಲು ಸಿಕ್ಕಿತ್ತು. ಕರಿ ಕೂದಲು. ಎಳೆದರೆ ಮೊಳಕ್ಕಿಂತ ಉದ್ದ ಬರುವಂಥದ್ದು.

ಗೋಡೆಯ ಫೋಟೋದಲ್ಲಿದ್ದ ತೀರ್ಥಪ್ಪನವರ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಯಶೋದಾಳದ್ದು ಕಿವಿಯ ಕೆಳಗೆ ಕತ್ತರಿಸಿದ ಕೂದಲು. ಎದುರಿಗಿದ್ದ ಶಂಕರಮ್ಮನದು ಹತ್ತಿಯಷ್ಟು ಬಿಳಿ.

"ಇದು ನಿಮ್ಮ ಯಜಮಾನ್ರದಲ್ಲ," ಅಂದಳು ವನಜಾಕ್ಷಿ.

"ಅವರ ರಕ್ತಾನೂ ಇದೆ ಅದರಲ್ಲಿ. ಆದ್ರೆ ಮೊದಲು ಎತ್ತಿದೋರು ಅವರೇ ಕಣಮ್ಮ." ಶಂಕರಮ್ಮನ ದನಿಯಲ್ಲಿ ಅಳು ಇರಲಿಲ್ಲ. ಹಳಸಿದ್ದನ್ನು ಬಚ್ಚಲಿಗೆ ಚೆಲ್ಲುವವರ ಹಾಗೆ ಹೇಳಿದರು. "ನಾಡಿದ್ದು ಅವರನ್ನ ಶರಣರು, ದೊಡ್ಡ ಮನುಷ್ಯರು ಅಂತೆಲ್ಲ ಹೊಗಳ್ತಾರೆ. ಹೊಗಳ್ಲಿ. ಅದನ್ನ ಕೇಳೋಕೆ ನನಗೇನೂ ಅಡ್ಡಿಯಿಲ್ಲ."

"ಯಾರ ಮೇಲೆ ಎತ್ತಿದ್ರು? ಆಮೇಲೆ ಇದು ಯಾರ ಕೈಗೆ ಬಂತು ಅಮ್ಮಾ?"

ಮುಚ್ಚಿದ ಬಾಗಿಲಿನ ಆ ಕಡೆ ಹಗ್ಗದ ಮಂಚ ಕಿರುಗುಟ್ಟಿತು. ಯಾರೋ ಹೆಂಗಸು ನರಳಿದ ಸದ್ದು. ಬೆನ್ನಿಗೇ ಕೆಮ್ಮು.

ವನಜಾಕ್ಷಿಯ ಕೈ ತಾನಾಗಿಯೇ ಚಿಲಕಕ್ಕೆ ಹೋಯಿತು. ಶಂಕರಮ್ಮ ಅವಳ ಮಣಿಕಟ್ಟನ್ನು ಹಿಡಿದರು. ಆ ವಯಸ್ಸಿಗೆ ಆ ಹಿಡಿತದಲ್ಲಿ ಅಷ್ಟು ಬಲ ಇರಬಾರದಿತ್ತು.

"ಮೆತ್ತಗೆ ಮಾತಾಡು ತಾಯಿ. ಅವತ್ತು ಭಾಗಮ್ಮನ್ನ ಅರ್ಧಕ್ಕೆ ಕಳಿಸಿ ಅವರು ಮನೆಗೆ ಕರೆಸ್ಕೊಂಡಿದ್ದು ಇವಳನ್ನೇ; ಇವಳ ಮೇಲೆ ಎತ್ತಿದ್ದನ್ನ ಕಿತ್ಕೊಂಡಿದ್ದು ನಾನು. ಇಷ್ಟು ದಿನದ ಮೇಲೆ ಈಗಷ್ಟೇ ಕಣ್ಣು ಬಿಟ್ಟಿದಾಳೆ."